ಗುಡ್ಡದ ತಪ್ಪಲ್ಲ

ಶಿರಸಿಯಿಂದ ಕುಮಟಾಕ್ಕೆ ಹೋಗುವ ರಸ್ತೆಯಲ್ಲಿ ದೇವಿಮನೆ ಘಟ್ಟ ಇಳಿಯುವ ಮೊದಲೇ ಒಳಗೆ ತಿರುಗಿದರೆ ನಮ್ಮ ಮನೆ. ಮುಂದೆ ಅಡಿಕೆ ತೋಟ, ಹಿಂದೆ ಬೆಟ್ಟ. ಮೊಬೈಲ್ ಸಿಗ್ನಲ್ ಸಿಗದಿದ್ದರೆ ಗುಡ್ಡ ಅಡ್ಡ ಬಂತು ಎನ್ನುತ್ತೇವೆ, ಕರೆಂಟು ಹೋದರೆ ಮಳೆ ಎನ್ನುತ್ತೇವೆ. ಬಹಳ ಸಲ ಅದು ನಿಜವೇ. ಹಾಗಾಗಿ ಹಳೆಯ ಲ್ಯಾಪ್‌ಟಾಪಿಗೆ ಉಬುಂಟು (ವಿಂಡೋಸಿನಂತೆ ಯಂತ್ರ ನಡೆಸುವ, ಲಿನಕ್ಸ್ ಬಗೆಯ ವ್ಯವಸ್ಥೆ) ಹಾಕಿದ ಮೇಲೆ ಮಾಳಿಗೆಯಲ್ಲಿ ವೈಫೈ ಸಂಪರ್ಕ ಉಳಿಯದೇ ಹೋದಾಗ ದೊಡ್ಡಪ್ಪ ಹೇಳಿದ್ದೂ ಅದನ್ನೇ: "ನಮ್ಮೂರಲ್ಲಿ ಗುಡ್ಡ ಅಡ್ಡ ಬತ್ತು ತಮಾ."

ನಾನೂ ಎರಡು ವಾರ ಹಾಗೇ ನಂಬಿದ್ದೆ. ರೂಟರ್ ಇರುವ ಜಗುಲಿಗೇ ಲ್ಯಾಪ್‌ಟಾಪ್ ತಂದು, ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಲು ಬಂದವರ ಚಹಾ ಲೋಟಗಳ ನಡುವೆ ಕೂತು ಕೆಲಸ ಮಾಡಿದೆ. ಪರದೆಯ ಬೆಳಕು ಕಡಿಮೆ ಮಾಡುವ ಕೀಲಿ, ಬ್ಲೂಟೂತ್ ಎಲ್ಲ ಒಂದೊಂದು ದಿನದಲ್ಲಿ ಸರಿಹೋದವು. ವೈಫೈ ಮಾತ್ರ ಇಲ್ಲ.

ಆಷಾಢದ ಒಂದು ಮಧ್ಯಾಹ್ನ ಆಯಿ ಮಾಳಿಗೆಗೆ ಬಂದು, ನನ್ನ ಪಕ್ಕದಲ್ಲೇ ಕೂತು, ಅದೇ ವೈಫೈಯಲ್ಲಿ ಬೆಂಗಳೂರಿನ ತಂಗಿಯ ಜೊತೆ ಹತ್ತು ನಿಮಿಷ ವಿಡಿಯೋ ಕಾಲ್ ಮಾಡಿದಳು. ಒಂದು ಸಲವೂ ತಡವರಿಸಲಿಲ್ಲ. ನನ್ನ ಯೋಚನೆ ತಿರುಗಿದ್ದು ಅಲ್ಲಿ. ಇಂಟರ್ನೆಟ್ ನಮ್ಮ ಮನೆಗೆ ಕಂಬದ ಮೇಲಿನ ಫೈಬರ್ ತಂತಿಯಲ್ಲಿ ಬರುತ್ತದೆ, ಅದಕ್ಕೆ ಗುಡ್ಡದ ಹಂಗಿಲ್ಲ. ವೈಫೈ ಎಂದರೆ ಜಗುಲಿಯ ರೂಟರಿನಿಂದ ಮಾಳಿಗೆಯ ಮೇಜಿನವರೆಗೆ ಅಷ್ಟೇ. ನಡುವೆ ಇರುವುದು ಒಂದು ಚಿರೇಕಲ್ಲಿನ ಗೋಡೆ, ಒಂದು ಹಲಗೆಯ ಅಟ್ಟ. ಅವು ಆಯಿಯ ಮೊಬೈಲನ್ನು ತಡೆದಿರಲಿಲ್ಲ.

ಮೊದಲು ಆರ್‌ಎಫ್‌ಕಿಲ್ ಆಜ್ಞೆ ಕೊಟ್ಟು ನೋಡಿದೆ, ರೇಡಿಯೋವನ್ನು ಯಾರೂ ಬಂದ್ ಮಾಡಿರಲಿಲ್ಲ. ವಿದ್ಯುತ್ ಉಳಿಸಲು ವೈಫೈ ಆಗಾಗ ನಿದ್ದೆಗೆ ಜಾರುವ ವ್ಯವಸ್ಥೆಯನ್ನು ತೆಗೆದೆ, ಏನೂ ಬದಲಾಗಲಿಲ್ಲ. ಆಮೇಲೆ ಸಿಗ್ನಲ್ ಎಷ್ಟಿದೆ ಎಂದು ಅಳೆದೆ: ಮೈನಸ್ 86 ಡಿಬಿಎಂ, ಅಂದರೆ ಡೆಸಿಬೆಲ್ ಲೆಕ್ಕದ ಅಳತೆ. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು, ಮೈನಸ್ 80ಕ್ಕಿಂತ ಕೆಳಗಿಳಿದರೆ ಸಂಪರ್ಕ ಹಿಡಿದಿಡುವುದೇ ಕಷ್ಟ. ಕೆಳಗೆ ಹೋಗಿ ರೂಟರಿಗೆ ತಾಗಿಸಿ ಇಟ್ಟರೂ ಮೈನಸ್ 60! ಅಷ್ಟು ಹತ್ತಿರದಲ್ಲಿ ಸಿಗ್ನಲ್ ಇಷ್ಟು ಕಡಿಮೆ ಬರಬಾರದು. ಕಿವಿ ಮುಚ್ಚಿಕೊಂಡವರ ಹತ್ತಿರ ಮಾತಾಡಿದ ಹಾಗಿತ್ತು ಅದು.

ಎಲ್‌ಎಸ್‌ಪಿಸಿಐ ಆಜ್ಞೆ ವೈಫೈ ಚಿಪ್ಪು 8723ಬಿಇ ಎಂದು ಹೇಳಿತು. ಅದರ ಡ್ರೈವರಿಗೆ, ಅಂದರೆ ಚಿಪ್ಪನ್ನು ನಡೆಸುವ ತಂತ್ರಾಂಶಕ್ಕೆ, ಏನೇನು ಆಯ್ಕೆಗಳಿವೆ ಎಂದು ಮೋಡ್‌ಇನ್‌ಫೋ ಎಂಬ ಆಜ್ಞೆ ತೋರಿಸುತ್ತದೆ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಪಟ್ಟಿಯ ಕೆಳಗೆ ಒಂದು ಸಾಲು: ಆ್ಯಂಟ್_ಸೆಲ್. ಆ್ಯಂಟೆನಾ ಸಂಖ್ಯೆಯನ್ನು 1 ಅಥವಾ 2 ಎಂದು ಹೇಳಿಬಿಡಲು ಇರುವ ಆಯ್ಕೆ.

ಓಡುತ್ತಿದ್ದ ಡ್ರೈವರನ್ನು ನಿಲ್ಲಿಸಿ, 1 ಎಂದು ಹೇಳಿ ಮತ್ತೆ ಶುರು ಮಾಡಿದೆ. ಅದೇ ಮೈನಸ್ 86. 2 ಎಂದು ಹೇಳಿದೆ. ಮೈನಸ್ 53.

ಕೂತಲ್ಲಿಂದ ಅಲುಗಾಡದೆ 33 ಡೆಸಿಬೆಲ್. ಹತ್ತು ಡೆಸಿಬೆಲ್ ಏರಿದರೆ ಶಕ್ತಿ ಹತ್ತು ಪಟ್ಟು ಎಂಬ ಲೆಕ್ಕದಲ್ಲಿ ಇದು ಸುಮಾರು 2000 ಪಟ್ಟು. ನಾನು ಜೋರಾಗಿಯೇ ಕೂಗಿರಬೇಕು, ಕೆಳಗಿನಿಂದ ಆಯಿ "ಎಂತಾತ ತಮಾ?" ಎಂದು ಕೇಳಿದಳು.

ಕಾರಣವನ್ನು ಆ ರಾತ್ರಿ ಓದಿದೆ. ಈ ಚಿಪ್ಪಿಗೆ ಎರಡು ಆ್ಯಂಟೆನಾ ಜೋಡಿಸುವ ಜಾಗವಿದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ತಯಾರಕರು ಒಂದೇ ತಂತಿ ಸಿಕ್ಕಿಸಿ, ಚಿಪ್ಪಿನ ನೆನಪಿನಲ್ಲಿ ಮಾತ್ರ ಇನ್ನೊಂದು ಜಾಗದ ಸಂಖ್ಯೆ ಬರೆದುಬಿಟ್ಟಿದ್ದಾರೆ. ಡ್ರೈವರು ಪಾಪ, ಬರೆದದ್ದನ್ನು ನಂಬಿ ತಂತಿಯೇ ಇಲ್ಲದ ಕಡೆ ಕಿವಿಯಿಟ್ಟು ಕೂತಿತ್ತು. ಮುಚ್ಚಳ ಬಿಚ್ಚಿ ತಂತಿಯನ್ನು ಆಚೆ ಸಿಕ್ಕಿಸಿದರೂ ಸರಿಯಾಗುತ್ತದೆ. ಆದರೆ ಬಿಚ್ಚಿದರೆ ವಾರಂಟಿ ಹೋಗಬಹುದು, ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇಟ್ಟುಕೊಂಡವರಿಗೆ ಅಲ್ಲಿ ವೈಫೈ ಕೆಡುತ್ತದೆ. ಹಾಗಾಗಬಾರದು ಎಂದು ಯೋಚಿಸಿ 2016ರಲ್ಲಿ ಈ ಆಯ್ಕೆಯನ್ನು ಸೇರಿಸಿದವರು ಲ್ಯಾರಿ ಫಿಂಗರ್. ಲಿನಕ್ಸಿನ ವೈಫೈ ಡ್ರೈವರುಗಳನ್ನು ವರ್ಷಗಟ್ಟಲೆ ನೋಡಿಕೊಂಡ ಅಮೆರಿಕದ ಹಿರಿಯರು, 2024ರ ಜೂನಿನಲ್ಲಿ ತೀರಿಕೊಂಡರು. ನನ್ನಂಥವರ ತೊಂದರೆಯನ್ನು ನಾನು ಅನುಭವಿಸುವ ಮೊದಲೇ ಅವರು ಕೂತು ಬಗೆಹರಿಸಿದ್ದರು ಎಂದು ಗೊತ್ತಾದಾಗ ಗಂಟಲು ಕಟ್ಟಿತು.

ಮಾರನೆಯ ದಿನ ತೋಟದಿಂದ ಬಂದ ದೊಡ್ಡಪ್ಪನಿಗೆ ಮಾಳಿಗೆಯಲ್ಲೇ ಅಡಿಕೆ ಧಾರಣೆ ತೆಗೆದು ತೋರಿಸಿದೆ. ಕಂಬಳಿಯ ನೀರು ಕೊಡವುತ್ತ, "ಗುಡ್ಡದ್ದು ತಪ್ಪಲ್ಲ ಹಂಗಾರೆ" ಎಂದ.

ಲ್ಯಾಪ್‌ಟಾಪ್ ಪ್ರತಿ ಸಲ ಶುರುವಾದಾಗಲೂ ಆ 2 ನೆನಪಿರಲಿ ಎಂದು ಡ್ರೈವರುಗಳ ಆಯ್ಕೆ ಬರೆದಿಡುವ ಮೋಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ, ಒಂದೇ ಸಾಲು ಬರೆದಿಟ್ಟೆ. ಅಂಥ ಫೈಲಿನಲ್ಲಿ ಹ್ಯಾಶ್ (#) ಗುರುತಿನಿಂದ ಶುರುವಾಗುವ ಸಾಲನ್ನು ಯಂತ್ರ ಓದುವುದಿಲ್ಲ, ಅದು ಮನುಷ್ಯರಿಗಾಗಿ. ಮೇಲೆ ಅಂಥದ್ದೊಂದು ಸಾಲು ಸೇರಿಸಿ ಲ್ಯಾರಿ ಫಿಂಗರ್ ಎಂದು ಬರೆದು ಸೇವ್ ಮಾಡಿದೆ.