ಮಗು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ

ನವೆಂಬರ್ ಬಂತೆಂದರೆ ನಮಗೆ ಮಕ್ಕಳ ಗ್ರಾಮ ಸಭೆಗಳ ಓಡಾಟ ಶುರು. ಊರಿನ ಮಕ್ಕಳು ಪಂಚಾಯಿತಿ ಅಧ್ಯಕ್ಷರು, ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎದುರು ತಮಗೇನು ಬೇಕು ಅಂತ ಹೇಳುವ ಸಭೆ ಅದು. ಆದರೆ ಅಷ್ಟು ಜನರ ಮುಂದೆ ಮೈಕ್ ಹಿಡಿಯುವ ಮಕ್ಕಳು ನಾಲ್ಕೈದು ಮಂದಿ ಅಷ್ಟೆ. ಹಾಗಾಗಿ ಮೊದಲೇ ಎಂಟು-ಹತ್ತು ಮಕ್ಕಳ ಗುಂಪು ಮಾಡಿ ಮಾತಾಡಿಸುತ್ತೇವೆ. ಗುಂಪಿಗೊಬ್ಬರು ಸ್ವಯಂಸೇವಕರು. ಹೆಚ್ಚಿನವರು ಹತ್ತಿರದ ಡಿಗ್ರಿ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಹುಡುಗ ಹುಡುಗಿಯರು. ಅವರನ್ನು ತಯಾರು ಮಾಡುವುದು ನನ್ನ ಕೆಲಸ.

ಮೊದಲ ವರ್ಷ ನಾನು ಮಾಡಿದ್ದು ಮಕ್ಕಳ ಹಕ್ಕುಗಳ ಪಾಠ. 1989ರ ವಿಶ್ವಸಂಸ್ಥೆಯ ಒಡಂಬಡಿಕೆ, 1992ರಲ್ಲಿ ಭಾರತ ಅದನ್ನು ಒಪ್ಪಿಕೊಂಡಿದ್ದು, ಮಕ್ಕಳ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಅನ್ನುವ ಅದರ 12ನೇ ವಿಧಿ. ಜೊತೆಗೆ ಪ್ರಶ್ನೆಗಳ ಉದ್ದದ ಪಟ್ಟಿ. 12ನೇ ವಿಧಿ ಎಲ್ಲರಿಗೂ ಬಾಯಿಪಾಠವಾಯಿತು. ಕೇಳಿಸಿಕೊಳ್ಳುವುದನ್ನು ಮಾತ್ರ ಯಾರಿಗೂ ಅಭ್ಯಾಸ ಮಾಡಿಸಿರಲಿಲ್ಲ.

ಒಂದು ಗುಂಪಿನಲ್ಲಿ ಏಳನೇ ಕ್ಲಾಸಿನ ಹುಡುಗಿ, "ಬಾತ್‌ರೂಮಿಗೆ ಬಾಗಿಲಿಲ್ಲ ಅಕ್ಕ. ಅದಕ್ಕೆ ನಾವು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ" ಅಂದಳು. ಹಿಂದೆ ಕೂತಿದ್ದ ನನಗೂ ಕೇಳಿಸಿತು. ಆಮೇಲೆ ಸಭೆಯಲ್ಲಿ ಓದಲು ಸ್ವಯಂಸೇವಕಿ ಬರೆದ ಚಾರ್ಟ್ ನೋಡಿದರೆ ಅದರಲ್ಲಿ ಇದ್ದದ್ದು "ಶೌಚಾಲಯ ದುರಸ್ತಿ" ಅಂತ ಎರಡೇ ಪದ. ಸಭೆಯಲ್ಲಿ ಅದನ್ನೇ ಓದಿದರು. "ಶೌಚಾಲಯ ಕಟ್ಟಿಸಿ ಕೊಟ್ಟಾಗಿದೆಯಲ್ಲ, ಮುಂದಿನದು ಓದಿ" ಅಂತ ಉತ್ತರ ಬಂತು. ಆ ಹುಡುಗಿ ಮತ್ತೆ ಬಾಯಿ ಬಿಡಲಿಲ್ಲ. ಬರೆದುಕೊಂಡವಳದು ತಪ್ಪಲ್ಲ. "ಮುಖ್ಯಾಂಶ ಬರೆದುಕೊಳ್ಳಿ" ಅಂತ ಹೇಳಿಕೊಟ್ಟವಳು ನಾನು. ಅದು ನನಗೆ ಬಹಳ ದಿನ ಕಾಡಿತು.

ಮರುವರ್ಷ ಹಕ್ಕುಗಳ ಪಾಠವನ್ನು ಅರ್ಧ ಗಂಟೆಗೆ ಇಳಿಸಿದೆ. ಉಳಿದ ಹೊತ್ತೆಲ್ಲ ಅಭ್ಯಾಸ. ಇಬ್ಬಿಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರು ತಮ್ಮ ಶಾಲೆಯ ದಿನಗಳ ಒಂದು ಕಷ್ಟ ಹೇಳಬೇಕು. ಇನ್ನೊಬ್ಬರು ಅದನ್ನು ಬರೆದುಕೊಂಡು ಓದಿ, "ನೀನು ಹೇಳಿದ್ದು ಇದೇನಾ?" ಅಂತ ಕೇಳಬೇಕು. ಮೊದಲ ಸುತ್ತಿನಲ್ಲಿ ಹೆಚ್ಚಿನವರು "ಅಲ್ಲ" ಅಂತಾರೆ. ಬಸ್ಸಿನಲ್ಲಿ ದಿನಾ ಪಟ್ಟ ಭಯವನ್ನು ಹೇಳಿಕೊಂಡವಳಿಗೆ "ಸಾರಿಗೆ ಸಮಸ್ಯೆ" ಅಂತ ಓದಿ ಹೇಳಿದರೆ ಹೇಗಾಗಬೇಡ? ಅದು ಅವರಿಗೇ ತಟ್ಟುತ್ತದೆ. ಅಲ್ಲಿಂದ ಮುಂದೆ ಪೆನ್ನು ನಿಧಾನವಾಗುತ್ತದೆ.

ಇನ್ನೊಂದು, ಸುಮ್ನೆ ಕೂರುವ ಅಭ್ಯಾಸ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಇದು ತುಂಬಾ ಕಷ್ಟ. ನಾಲ್ಕಕ್ಕೇ ತಡೆಯಲಾರದೆ "ಅಂದ್ರೆ ನೀರು, ರಸ್ತೆ, ಆ ಥರ" ಅಂತ ನೆರವಿಗೆ ಹೋಗುತ್ತಾರೆ. ಅಲ್ಲಿಗೆ ಮುಗೀತು. ಆಮೇಲೆ ಎಲ್ಲ ಮಕ್ಕಳೂ ನೀರು, ರಸ್ತೆ ಅಂತಲೇ ಹೇಳುತ್ತಾರೆ.

ನೆಲದ ಮೇಲೆ ದುಂಡಗೆ ಕೂರುವುದು, ಅದೇ ಶಾಲೆಯ ಮೇಷ್ಟ್ರು ಗುಂಪಿನ ಹತ್ತಿರ ಇಲ್ಲದಂತೆ ನೋಡಿಕೊಳ್ಳುವುದು, ದೊಡ್ಡ ಹುಡುಗಿಯರಿಗೆ ಬೇರೆ ಗುಂಪು ಮಾಡುವುದು. ಇವನ್ನು ಒಂದು ಸಲ ಹೇಳಿದರೆ ಸಾಕು.

ಆದರೆ ಒಂದು ವಿಷಯವನ್ನು ಮಾತ್ರ ನಾನು ಪ್ರತಿಯೊಬ್ಬರ ಬಾಯಲ್ಲೂ ಹೇಳಿಸುತ್ತೇನೆ. ಯಾರೋ ಕೆಟ್ಟದಾಗಿ ಮುಟ್ಟಿದರು ಅಂತ ಮಗು ಶುರು ಮಾಡಿದರೆ ಎಲ್ಲರೆದುರು ಕೆದಕಬಾರದು. ಚಾರ್ಟಿಗೆ ಏರಿಸಬಾರದು. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಲೇಬಾರದು, ಯಾಕೆಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. "ನೀನು ಹೇಳಿದ್ದು ಒಳ್ಳೇದಾಯ್ತು. ಸಹಾಯ ಮಾಡೋರಿಗೆ ನಾನು ಇದನ್ನ ಹೇಳ್ತೀನಿ" ಅನ್ನಬೇಕು. ತಕ್ಷಣ ನನ್ನ ಹತ್ತಿರ ಬರಬೇಕು. ಮಕ್ಕಳ ಸಹಾಯವಾಣಿ 1098 ನಂಬರ್ ಎಲ್ಲರ ಫೋನಿನಲ್ಲೂ ಇರಬೇಕು.

ಕಳೆದ ಸಲ ಒಬ್ಬ ಹುಡುಗ, "ಸ್ಕೂಲ್ ಪಕ್ಕದ ಅಂಗಡೀಲಿ ಬೀಡಿ ತರೋಕೆ ನಮ್ಮಪ್ಪ ನನ್ನನ್ನೇ ಕಳಿಸ್ತಾರೆ" ಅಂದಿದ್ದ. ಸ್ವಯಂಸೇವಕ ಬರೆದುಕೊಂಡು ಓದಿ ಹೇಳಿದಾಗ ಹುಡುಗ ಸ್ವಲ್ಪ ಯೋಚಿಸಿ, "ನಮ್ಮಪ್ಪ ಅಂತ ಬೇಡ ಅಣ್ಣ, ದೊಡ್ಡೋರು ಅಂತ ಹಾಕಿ" ಅಂದ. ಹಾಗೇ ತಿದ್ದಿದರು, ಸಭೆಯಲ್ಲಿ ಹೆಸರು ಹೇಳದೆ ಹಾಗೇ ಓದಿದರು. ಕರ್ನಾಟಕದಲ್ಲಿ ಶಾಲೆಯಿಂದ 100 ಮೀಟರ್ ಒಳಗೆ ತಂಬಾಕು ಮಾರುವಂತಿಲ್ಲ, 21 ತುಂಬದವರಿಗಂತೂ ಎಲ್ಲೂ ಮಾರುವಂತಿಲ್ಲ, 2003ರ ಕಾಯ್ದೆಯೂ ಅದಕ್ಕೆ ರಾಜ್ಯ ತಂದ ತಿದ್ದುಪಡಿಯೂ ಇದೆ. ಈ ಸಲ ಯಾರೂ "ಮುಂದಿನದು ಓದಿ" ಅನ್ನಲಿಲ್ಲ. ಅಂಗಡಿ ಶಾಲೆಯಿಂದ ಎಷ್ಟು ದೂರ ಅಂತ ಪಿಡಿಒ ಮಕ್ಕಳನ್ನೇ ಕೇಳಿ ಬರೆದುಕೊಂಡರು.