"ನಿಮಗೆ ಯಾವಾಗ ಗೊತ್ತಾಯಿತು?"

ಮಗನಿಗೆ ಆಟಿಸಂ ಇದೆ ಎಂದು ಹೇಳಿ ಮುಗಿಸುವ ಮೊದಲೇ ಬರುವ ಪ್ರಶ್ನೆ ಇದು. ಒಂಬತ್ತು ವರ್ಷದ ಅವನನ್ನು ಮೇಲಿಂದ ಕೆಳಗೆ ನೋಡಿ, "ನೋಡಿದರೆ ಹಾಗೆ ಅನ್ನಿಸುವುದೇ ಇಲ್ಲ" ಎಂಬ ಪೀಠಿಕೆಯನ್ನೂ ಹಾಕುತ್ತಾರೆ. ಹೇಗೆ ಅನ್ನಿಸಬೇಕಿತ್ತೋ ಇದುವರೆಗೆ ಯಾರೂ ತಿಳಿಸಿಲ್ಲ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರು ಇದನ್ನು ಓದಿಕೊಳ್ಳಲಿ.

ಕಳೆದ ಬೇಸಿಗೆಯ ಮದುವೆಯೊಂದರಲ್ಲಿ ಪಕ್ಕದ ಎಲೆಗೆ ಕೂತಿದ್ದ ದೊಡ್ಡಮ್ಮ ಕೇಳಿದ ಧಾಟಿಯೇ ಬೇರೆ: "ಅಷ್ಟು ದಿನ ನಿನಗೆ ಗೊತ್ತೇ ಆಗಲಿಲ್ಲವೇನೇ?" ನನ್ನ ಎಲೆಗೆ ಆಗಷ್ಟೇ ಸಾರು ಬಿದ್ದಿತ್ತು. ಅನ್ನದ ಕಟ್ಟೆ ಒಡೆದು ಸಾರು ಎಲೆಯ ಅಂಚಿಗೆ ಹರಿಯುತ್ತಿದ್ದರೂ ಕೈ ಏಳಲಿಲ್ಲ.

ಕಾಣದೆ ಏನು? ಎಲ್ಲವೂ ಕಂಡಿತ್ತು, ಅದರ ಹೆಸರು ಗೊತ್ತಿರಲಿಲ್ಲ. ವರ್ಷ ತುಂಬಿದರೂ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಸರಪರ ಎಂದರೆ ಓಡಿ ಬರುತ್ತಿದ್ದ. ಲೋಟಗಳನ್ನು ಸಾಲಾಗಿ ಜೋಡಿಸುತ್ತಿದ್ದ, ಒಂದನ್ನು ಸರಿಸಿದರೆ ಮನೆ ಹಾರಿಹೋಗುವಂತೆ ಅಳುತ್ತಿದ್ದ. "ಇಂಜಿನಿಯರ್ ಆಗುತ್ತಾನೆ" ಎಂದು ಮಾವನವರು ಬೀಗಿದರು. ಮಾತು ಬರಲಿಲ್ಲ; "ಗಂಡು ಹುಡುಗರಿಗೆ ಮಾತು ತಡ" ಎಂದು ಬಜೆ ತೇಯ್ದು ಅವನ ನಾಲಿಗೆಗೆ ಹಚ್ಚಿದವರು ಇದೇ ದೊಡ್ಡಮ್ಮ. ಎದುರಿಗೆ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಮರೆಯಲಾಗದಿರುವುದು ಚಂದ್ರ. ಅವನಿಗೆ ಒಂದೂವರೆ ವರ್ಷ. ತಾರಸಿಯಲ್ಲಿ ತುತ್ತು ತಿನ್ನಿಸುತ್ತ "ಚಂದಮಾಮ ನೋಡು" ಎಂದು ಬೆರಳೆತ್ತಿದೆ. ಜೊತೆಗಿದ್ದ ನಾದಿನಿಯ ಮಗಳು, ಅವನಿಗಿಂತ ಎರಡು ತಿಂಗಳು ಚಿಕ್ಕವಳು, ಚಂದ್ರನನ್ನು ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ತಾನೂ ಬೆರಳೆತ್ತಿದಳು. ನನ್ನ ಮಗ ನೋಡಿದ್ದು ನನ್ನ ಬೆರಳಿನ ಉಂಗುರವನ್ನು. ಅವನು ಯಾವುದನ್ನೂ ಬೆರಳಿನಿಂದ ತೋರಿಸಿದವನಲ್ಲ. ನೀರು ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಎಳೆದೊಯ್ದು, ಕೈಯನ್ನು ಫಿಲ್ಟರಿನ ನಲ್ಲಿಯ ಮೇಲೆ ಇಡುತ್ತಿದ್ದ. ನನ್ನ ಕೈ ಅವನಿಗೆ ಸೌಟಿದ್ದ ಹಾಗೆ.

ಎರಡೂವರೆ ವರ್ಷಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಮೊದಲು ಕಿವಿಯ ಪರೀಕ್ಷೆ, ಕಿವಿ ಸರಿಯಿತ್ತು. ಉಳಿದದ್ದು ಗೊತ್ತಾಗಿದ್ದು ಅವನು ಹೇಗೆ ಆಡುತ್ತಾನೆ ಎಂಬುದರಿಂದ, ನಮ್ಮನ್ನು ಕೇಳಿದ ಪ್ರಶ್ನೆಗಳಿಂದ. ಎಂ-ಚಾಟ್-ಆರ್ ಎಂಬ 20 ಪ್ರಶ್ನೆಗಳ ಪಟ್ಟಿಯನ್ನು ನಾನು ಓದಿದ್ದು ಆಮೇಲೆ. 16ರಿಂದ 30 ತಿಂಗಳ ಮಕ್ಕಳಿಗಾಗಿ ಇರುವಂಥದ್ದು. ಅದರಿಂದಲೇ ಆಟಿಸಂ ಎಂದು ತೀರ್ಮಾನವಾಗುವುದಿಲ್ಲ, ಮುಂದಿನ ತಪಾಸಣೆ ಬೇಕೇ ಎಂದು ತಿಳಿಯುತ್ತದೆ. ಮೊದಲನೆಯ ಪ್ರಶ್ನೆಯೇ, ಕೋಣೆಯ ಆ ಬದಿಯಲ್ಲಿರುವ ಏನನ್ನಾದರೂ ನೀವು ಬೆರಳಿನಿಂದ ತೋರಿಸಿದರೆ ಮಗು ಅದನ್ನು ನೋಡುತ್ತದೆಯೇ ಎಂಬುದು. ಪಟ್ಟಿಯನ್ನು ಮುಂದೆ ಓದಲು ಸ್ವಲ್ಪ ಹೊತ್ತು ಬೇಕಾಯಿತು.

ಮೊಬೈಲ್ ಕೊಟ್ಟಿದ್ದಿರಾ, ಬಸುರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಿರಾ, ಲಸಿಕೆಯಿಂದ ಬಂದಿತಂತೆ ಎನ್ನುವವರಿಗೆ ಒಂದೇ ಸಾಲು: 1998ರಲ್ಲಿ ಲಸಿಕೆಯ ಮೇಲೆ ಗೂಬೆ ಕೂರಿಸಿದ ಪ್ರಬಂಧವನ್ನು ಅಚ್ಚುಹಾಕಿದ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅದಕ್ಕೂ ಹಿಂದೆ ತಾಯಿಯ ಮನಸ್ಸು ತಣ್ಣಗಿದ್ದುದೇ ಕಾರಣ ಎಂದು ವೈದ್ಯರೇ ಹೇಳುತ್ತಿದ್ದ ಕಾಲವೊಂದಿತ್ತು. ದೊಡ್ಡಮ್ಮ ಆ ಕಾಲದವರು, ಬಿಡಿ.

ಅವನಿಗೆ ಏನು ಇಷ್ಟ ಎಂದು ಒಬ್ಬರಾದರೂ ಕೇಳಬಾರದೇ? ಫ್ಯಾನು. ಯಾರ ಮನೆಗೆ ಹೋದರೂ ಮೊದಲು ನೋಡುವುದು ಸೂರನ್ನು. ಈಗ ಮಾತನಾಡುತ್ತಾನೆ, ಆದರೆ ಕೇಳಿದ್ದನ್ನೇ ಎತ್ತಿಕೊಂಡು: "ನಿನಗೆ ನೀರು ಬೇಕಾ?" ಎಂದರೆ ಬಾಯಾರಿರುವುದು ಅವನಿಗೆ. ನಮ್ಮ ಮನೆಗೆ ಬಂದ ಎಲೆಕ್ಟ್ರಿಷಿಯನ್ ಹೇಳಿದ ಮಾತೊಂದನ್ನೂ ಇಟ್ಟುಕೊಂಡಿದ್ದಾನೆ.

ಆ ಮದುವೆಯ ಊಟದ ಹಾಲ್‌ನಲ್ಲಿ ನಾನು ಸುಮ್ಮನೆ ಕೂತಿದ್ದಾಗ ಅವನು ನನ್ನ ಮೊಣಕೈ ತಟ್ಟಿದ. "ಕೆಪಾಸಿಟರ್ ಹೋಗಿದೆ ಮೇಡಂ" ಎಂದ. ಬೆರಳೆತ್ತಿ ನಮ್ಮ ತಲೆಯ ಮೇಲೆ ತೆವಳುತ್ತ ತಿರುಗುತ್ತಿದ್ದ ಫ್ಯಾನನ್ನು ತೋರಿಸಿದ, ನಾನು ನೋಡಿದೆನೋ ಇಲ್ಲವೋ ಎಂದು ನನ್ನ ಮುಖ ನೋಡಿದ.

ನೋಡಿದೆ. ದೊಡ್ಡಮ್ಮ ಎರಡನೆಯ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದರು.