ಮನೆಯಲ್ಲಿ ಮತ್ತೆ ಯಾರ್ಯಾರಿದ್ದಾರೆ?

ಬೆಂಗಳೂರಿನಲ್ಲಿ ಪಶುವೈದ್ಯ ನಾನು. ದಿನವಿಡೀ ನಾಯಿ, ಬೆಕ್ಕು. ಇಗ್ವಾನಾ, ಅಂದರೆ ಸೊಪ್ಪು ತಿನ್ನೋ ದೊಡ್ಡ ವಿದೇಶಿ ಹಲ್ಲಿ, ಬರುವುದು ಅಪರೂಪ, ಬಂದರೆ ಕೇಳಬೇಕಾದ್ದನ್ನೆಲ್ಲ ಕೇಳುತ್ತೇನೆ ಅನ್ನೋ ಜಂಬ ಇತ್ತು.

ಒಬ್ಬ ಹುಡುಗ ನಾಲ್ಕು ವರ್ಷದ ಹಸಿರು ಇಗ್ವಾನಾ ತಂದ. ನಾಲ್ಕು ಅಡಿ ಉದ್ದ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಲವೇ. ಹತ್ತು ದಿನದಿಂದ ಸರಿಯಾಗಿ ತಿಂದಿಲ್ಲ. ಹುಡುಗ ಅಚ್ಚುಕಟ್ಟು. ಇಂಥ ವಿದೇಶಿ ಪ್ರಾಣಿ ಸಾಕುವವರಿಗೆ 2024ರ ನಿಯಮ ಬಂದ ಕೂಡಲೇ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದ್ದ. ನುಗ್ಗೆ ಸೊಪ್ಪು, ದಾಸವಾಳದ ಎಲೆ, ಹೂವು ಹಾಕ್ತಿದ್ದ. ಪಾಲಕ್ ಜಾಸ್ತಿಯಾದರೆ ಕ್ಯಾಲ್ಸಿಯಂ ಮೈಗೆ ಹತ್ತಲ್ಲ ಅನ್ನೋದೂ ಗೊತ್ತಿತ್ತು. ಬಿಸಿ ಕಾಯೋ ಜಾಗದಲ್ಲಿ 35 ಡಿಗ್ರಿ, ಮೂಳೆಗೆ ಬೇಕಾದ ಬಿಸಿಲಿನಂಥ ಬೆಳಕು ಕೊಡೋ ಯುವಿಬಿ ಟ್ಯೂಬ್ ಹೊಸದು. ಕ್ಯಾಲ್ಸಿಯಂ ಕಮ್ಮಿಯಾದರೆ ದವಡೆ ಮೆತ್ತಗಾಗುತ್ತೆ; ಒತ್ತಿ ನೋಡಿದೆ, ಗಟ್ಟಿ. ಎಕ್ಸ್‌ರೇ ಚೆನ್ನಾಗಿತ್ತು. "ಹವಾ ಬದಲಾಗಿದ್ದಕ್ಕೆ ಇರಬೇಕು" ಅಂದು ಕಳಿಸಿದೆ. ಏನೂ ತೋಚದಾಗ ನಾವು ಹೇಳೋ ಮಾತು ಅದು.

ವಾರ ಬಿಟ್ಟು ಮತ್ತೆ ಬಂದ. ಈ ಸಲ ತಾಯಿ ಜೊತೆಗಿದ್ದರು. ದಿನಾ ಸೊಪ್ಪು ಹೆಚ್ಚಿ ಇಡೋದು ಅವರೇ ಅಂತ ಆಗಲೇ ಗೊತ್ತಾಗಿದ್ದು.

"ಆ ಬೆಕ್ಕು ಮೇಲೆ ಹತ್ತಿ ಮಲಗಿತು ಅಂದ್ರೆ ಇದು ತಟ್ಟೆ ಹತ್ರಾನೇ ಬರಲ್ಲ ಡಾಕ್ಟ್ರೇ."

"ಯಾವ ಬೆಕ್ಕಮ್ಮಾ?"

ಹುಡುಗ ನಕ್ಕು ಮೊಬೈಲ್ ತೆಗೆದ. "ತಂದು ಮೂರು ವಾರ ಆಯ್ತು ಸಾರ್. ಇಬ್ರೂ ಫ್ರೆಂಡ್ಸ್, ನೋಡಿ."

ಗೂಡಿನ ಮೇಲೆ ಜಾಲರಿ. ಅದರ ಮೇಲಿಟ್ಟ ದೀಪದ ಪಕ್ಕ ಬೆಕ್ಕು ಮೈಚಾಚಿ ಮಲಗಿದೆ. ಕೆಳಗೆ ಇಗ್ವಾನಾ ಕಣ್ಣು ಮುಚ್ಚಿ ಕೂತಿದೆ. ಸುಖವಾಗಿದೆ ಅನ್ನಿಸುತ್ತೆ ಅಲ್ವಾ? ಆದರೆ ಬೇಡದ್ದು ಎದುರಿದ್ದಾಗಲೂ ಇಗ್ವಾನಾ ಹಾಗೇ ಕಣ್ಣು ಮುಚ್ಚುತ್ತೆ. ಓಡೋಕೆ ಜಾಗ ಇಲ್ಲದಿದ್ದರೆ ಅಲ್ಲಾಡದೆ ಕೂರುತ್ತೆ. ಅದರ ನೆತ್ತಿಯಲ್ಲಿ ಮಸುಕಾದ ಪುಟ್ಟ ಚುಕ್ಕಿಯೊಂದಿದೆ, ಮೂರನೇ ಕಣ್ಣು ಅಂತೀವಿ. ಅದಕ್ಕೆ ಚಿತ್ರ ಕಾಣಲ್ಲ, ಬೆಳಕು-ನೆರಳು ಗೊತ್ತಾಗುತ್ತೆ ಅಷ್ಟೆ. ಕಾಡಿನಲ್ಲಾದರೆ ಮೇಲಿಂದ ಎರಗುವ ಹಕ್ಕಿಯ ನೆರಳು. ಇಲ್ಲಿ ಮಧ್ಯಾಹ್ನ ಪೂರ್ತಿ ಬೆಕ್ಕಿನ ನೆರಳು. ಸಾಲದ್ದಕ್ಕೆ ದುಡ್ಡು ಕೊಟ್ಟು ತಂದ ಟ್ಯೂಬಿನ ಬೆಳಕಿಗೂ ಅದೇ ಅಡ್ಡ!

ಮೈಯೆಲ್ಲ ಮತ್ತೆ ಹುಡುಕಿದೆ. ಮುಂಗಾಲಿನ ಬೆರಳ ಸಂದಿಯಲ್ಲಿ ಒಂದು ಸಣ್ಣ ತೂತು, ಸುತ್ತ ಸ್ವಲ್ಪ ಊತ. ಜಾಲರಿಗೆ ಹತ್ತಿದ್ದಾಗ ಬೆಕ್ಕು ಕಚ್ಚಿರಬೇಕು. ಬೆಕ್ಕಿನ ಬಾಯಲ್ಲಿ ಸಾಮಾನ್ಯವಾಗಿ ಇರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ಇಂಥ ಪ್ರಾಣಿಗಳ ಜೀವಕ್ಕೇ ಕುತ್ತು ತರಬಲ್ಲದು. ಊತ ಮೊದಲ ಸಲ ಇತ್ತೋ ಇಲ್ವೋ ಹೇಳಲಾರೆ, ಆವತ್ತು ನಾನು ಬೆರಳು ಬಿಡಿಸಿ ನೋಡಿರಲಿಲ್ಲ. ಆಂಟಿಬಯೋಟಿಕ್ ಶುರು ಮಾಡಿದೆ. ಇಂಜೆಕ್ಷನ್ ಇನ್ನೊಂದು ಮುಂಗಾಲಿಗೆ. ಹಿಂಗಾಲಿಗೆ ಕೊಟ್ಟರೆ ಔಷಧ ನೇರ ಕಿಡ್ನಿಗೆ ಹೋಗುವ ಭಯ ಇರುತ್ತೆ.

ಗೂಡು ಬಾಗಿಲು ಹಾಕಬಹುದಾದ ಕೋಣೆಗೆ ಹೋಯಿತು. ಬೆಕ್ಕಿಗೆ ಅಮ್ಮ ಹಾಲ್‌ನಲ್ಲಿ ಹಳೇ ಕಂಬಳಿ ಹಾಸಿಕೊಟ್ಟರು. ಒಂಬತ್ತನೇ ದಿನ ಫೋಟೋ ಬಂತು: ತಟ್ಟೆಯಲ್ಲಿ ಅರ್ಧ ಕಚ್ಚಿದ ದಾಸವಾಳ.

ಈಗ ಯಾವ ಪ್ರಾಣಿ ಬಂದರೂ ನನ್ನ ಮೊದಲ ಪ್ರಶ್ನೆ, "ಮನೆಯಲ್ಲಿ ಮತ್ತೆ ಯಾರ್ಯಾರಿದ್ದಾರೆ?" ಹೋದ ವಾರ ಒಬ್ಬರು "ಅತ್ತೆ, ಮಾವ, ನಾದಿನಿ" ಅಂದರು. ಪಾಪ, ಪ್ರಾಣಿಗಳ ಬಗ್ಗೆ ಕೇಳ್ತಿದ್ದೀನಿ ಅಂತ ನಾನೇ ಹೇಳಬೇಕಿತ್ತು.